ಶರಾವತಿ ಸೇತುವೆ ದಾಟಿದ ಮೇಲೆ

"ಮಕ್ಕಳ ಮೇಲೆ ಪ್ರೀತಿ ಇಲ್ವಾ ಮೇಡಂ ನಿಮಗೆ?"

ಊರಿಗೆ ಬಂದಾಯ್ತು, ಸೈಕಲ್ಲುಗಳ ಮರಳು ತೊಳೆದಾಯ್ತು, ಮಕ್ಕಳು ಶಾಲೆಗೂ ಹೋಗುತ್ತಿದ್ದಾರೆ. ಈ ಮಾತು ಮಾತ್ರ ಕಿವಿ ಬಿಟ್ಟು ಹೋಗುತ್ತಿಲ್ಲ. ಹೊನ್ನಾವರದ ಶರಾವತಿ ಸೇತುವೆ ದಾಟಿ ಕಾಸರಕೋಡಿನ ಕಡೆ ಇಳಿಯುತ್ತಿದ್ದಾಗ, ಮುಂದೆ ಕಾರು ನಿಲ್ಲಿಸಿ ಇಳಿದು ಬಂದವರೊಬ್ಬರು ಕೇಳಿದ್ದು. ಐವತ್ತು ದಾಟಿದವರು, ಸಭ್ಯರು. ಮಗನ ಕೆನ್ನೆ ಮುಟ್ಟಿ, ತಮ್ಮ ನೀರಿನ ಬಾಟಲಿಯನ್ನೂ ಕೊಟ್ಟರು. ಕೆಟ್ಟವರಾಗಿದ್ದರೆ ಅಲ್ಲೇ ಮರೆತುಬಿಡುತ್ತಿದ್ದೆ.

ಗೋಕರ್ಣದಿಂದ ಮುರುಡೇಶ್ವರಕ್ಕೆ ಹೊರಟಿದ್ದೆವು. ಎಂಟು ವರ್ಷದ ಮಗಳು ತನ್ನದೇ ಪುಟ್ಟ ಸೈಕಲ್ ಮೇಲೆ, ನಾಲ್ಕು ವರ್ಷದ ಮಗ ಅಪ್ಪನ ಹಿಂದಿನ ಸೀಟಿನಲ್ಲಿ. ಆದಷ್ಟೂ ಊರೊಳಗಿನ ರಸ್ತೆಗಳನ್ನೇ ಹಿಡಿದಿದ್ದೆವು. ತದಡಿಯಲ್ಲಿ ಬಾರ್ಜ್ ಹತ್ತಿದಾಗ ಅಲ್ಲಿಯ ಕೆಲಸದವರೊಬ್ಬರು ಯಾರೂ ಹೇಳದೆಯೇ ಮಗಳ ಸೈಕಲ್ಲಿನ ಚಕ್ರಕ್ಕೆ ತಮ್ಮ ಕಾಲನ್ನು ಅಡ್ಡ ಕೊಟ್ಟು ನಿಂತರು. "ತಂಗಿ, ಬ್ರೇಕ್ ಹಿಡ್ಕಂಡೇ ನಿಂತ್ಕೊ" ಅಂದವರು ಆಚೆ ದಡ ಮುಟ್ಟುವ ತನಕ ಆ ಕಾಲು ತೆಗೆಯಲಿಲ್ಲ. ಇಳಿತದ ಹೊತ್ತು. ಅಳಿವೆಯ ಕೆಸರಿನಲ್ಲಿ ಸೊಂಟ ಬಗ್ಗಿಸಿ ಬಳಚು, ಅಂದರೆ ಕಪ್ಪೆಚಿಪ್ಪು, ಆರಿಸುತ್ತಿದ್ದ ಹೆಂಗಸರು ಎದ್ದು ನಿಂತು ಕೈ ಬೀಸಿದರು. 2024ರಲ್ಲಿ ಈ ಅಘನಾಶಿನಿ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ನನ್ನ ಮಗಳಿಗೆ ಮಾತ್ರ ಅದು ಕಪ್ಪೆಚಿಪ್ಪಿನ ನದಿ. ಕಾಗಾಲ, ಬಾಡದ ಕಡೆ ಅಂಗಳದಲ್ಲಿ ಕೂತ ಅಜ್ಜಿಯರೆಲ್ಲ ಕೇಳಿದ್ದು ಒಂದೇ: "ಇಷ್ಟ್ ಸಣ್ಣ ಹುಡುಗಿ ಗೋಕರ್ಣದಿಂದ ತುಳ್ಕಂಡ್ ಬಂತಾ?" ಒಬ್ಬರು ಒಳಗೆ ಕರೆದು ಮುರುಗಲು ಪಾನಕ ಕೊಟ್ಟರು. ಅವರಿಗೂ ಮಕ್ಕಳ ಮೇಲೆ ಕಾಳಜಿಯೇ ಇದ್ದದ್ದು. ಆದರೆ ಅದು ನಮ್ಮನ್ನು ತಡೆಯಲಿಲ್ಲ.

ಕರಾವಳಿಯಲ್ಲಿ ಎಷ್ಟೇ ಒಳದಾರಿ ಹುಡುಕಿದರೂ ದೊಡ್ಡ ನದಿ ಅಡ್ಡ ಬಂದಾಗ ಹೆದ್ದಾರಿಗೇ ಬರಬೇಕು. ದೋಣಿಯಿಲ್ಲದ ಕಡೆ ಸೇತುವೆಯೊಂದೇ ಗತಿ. ಶರಾವತಿಯ ಮೇಲೆ ಸುಮಾರು ಒಂದು ಕಿಲೋಮೀಟರ್ ದೂರ ನಮ್ಮ ಪಾಲಿಗೆ ಉಳಿದದ್ದು ಬಿಳಿ ಗೆರೆಗೂ ಕಟ್ಟೆಗೂ ನಡುವಿನ ಒಂದು ಮೊಳ ಜಾಗ, ಅದರಲ್ಲೂ ಮರಳು. ಮಗಳು ಮುಂದೆ, ಅವಳಿಗೆ ತುಸು ಬಲಕ್ಕೆ ನಾನು, ಹಿಂದೆ ನನ್ನ ಗಂಡ. ಸೇತುವೆಯ ಎರಡು ಹಾಸು ಸೇರುವಲ್ಲಿರುವ ಕಬ್ಬಿಣದ ಪಟ್ಟಿ ಬಂದಾಗಲೆಲ್ಲ ಅವಳ ಹ್ಯಾಂಡಲ್ ನಡುಗುತ್ತಿತ್ತು. ಅಂಥದ್ದೇ ಒಂದು ಪಟ್ಟಿಯ ಮೇಲೆ ಅವಳ ಚಕ್ರ ಇದ್ದಾಗ ಒಂದು ಕಾರು ಉದ್ದಕ್ಕೆ ಹಾರ್ನ್ ಒತ್ತುತ್ತಾ ನನ್ನ ಮೊಣಕೈ ಪಕ್ಕದಲ್ಲೇ ಗಾಳಿ ಎಬ್ಬಿಸಿಕೊಂಡು ಹೋಯಿತು. ಹುಡುಗಿ ಹೆದರಿದಳು, ಬೀಳಲಿಲ್ಲ.

ಸೇತುವೆ ಮುಗಿದಲ್ಲಿ ನಿಂತಿದ್ದದ್ದು ಅದೇ ಕಾರು.

"ಮಕ್ಕಳ ಮೇಲೆ ಪ್ರೀತಿ ಇಲ್ವಾ ಮೇಡಂ ನಿಮಗೆ?" ನನ್ನ ಗಂಡ ಪಕ್ಕದಲ್ಲೇ ಇದ್ದರು. ಮಗ ಇದ್ದದ್ದು ಅವರ ಸೀಟಿನಲ್ಲಿ. ಪ್ರಶ್ನೆ ಬಂದದ್ದು ಮಾತ್ರ ನನಗೆ. ಇವರು "ಇಲ್ಲ ಸರ್, ಹುಷಾರಾಗೇ ಹೋಗ್ತೀವಿ" ಅಂತ ನಕ್ಕು ಸಮಾಧಾನ ಹೇಳಿದರು. ಜಗಳ ಬೇಡ ಅನ್ನುವ ಸ್ವಭಾವ, ಒಳ್ಳೆಯದೇ. ನನಗೆ ಇನ್ನೂ ಸಿಟ್ಟಿದೆ. ಕಾರು ಹೋದ ಮೇಲೆ ಮಗಳು ಕೇಳಿದಳು, "ಅಮ್ಮಾ, ಅವರ ಕಾರಿಗೆ ನಾನು ತಾಗಿಸಿದ್ನಾ?"

ಆ ಹೊತ್ತಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಅಪಾಯ ತಂದವರು ಎಚ್ಚರಿಕೆ ಹೇಳಿ ಹೋದರು, ತಪ್ಪು ಮಾಡಿದ ಮುಖ ಮಗುವಿನದಾಯಿತು. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತ್ತು. ನನ್ನ ಚಿಕ್ಕಮ್ಮನ ಮಗಳು ಹೈಸ್ಕೂಲು ಮುಗಿಸಿದ್ದೇ ಆ ಸೈಕಲ್ಲಿನಲ್ಲಿ, ಲಾರಿ ಓಡಾಡುವ ರಸ್ತೆಯ ಅಂಚಿನಲ್ಲಿ. ಅವಳನ್ನು ನಿಲ್ಲಿಸಿ ನಿನ್ನ ಅಮ್ಮನಿಗೆ ಪ್ರೀತಿ ಇಲ್ವಾ ಅಂತ ಯಾರೂ ಕೇಳಿರಲಿಕ್ಕಿಲ್ಲ. ಬಡವರ ಮಕ್ಕಳು ಸೈಕಲ್ ತುಳಿದರೆ ಅದು ಅವರ ಪಾಡು. ಬ್ಯಾಗು ಕಟ್ಟಿಕೊಂಡು ಹೆಲ್ಮೆಟ್ ಹಾಕಿಕೊಂಡು ಹೊರಟವರು ಮಾತ್ರ ಬೇಜವಾಬ್ದಾರರು. ಸೈಕಲ್ ಕೊಟ್ಟ ಕಾಲದಲ್ಲೂ ಅದು ಓಡಲು ಎರಡು ಅಡಿ ದಾರಿ ಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೋವಿಡ್ ಸಮಯದಲ್ಲಿ ಸೈಕಲ್ ಕೊಡುವುದೂ ನಿಂತಿತು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೋಗಳ ಜೊತೆ ಸೈಕಲ್ಲಿಗೂ ಪ್ರವೇಶ ಇಲ್ಲ. ಅಲ್ಲಿ ಸರ್ವಿಸ್ ರಸ್ತೆಯಾದರೂ ಇದೆ. ನದಿಯ ಮೇಲೆ ಏನಿದೆ? ಕೋಟಿಗಟ್ಟಲೆ ಸುರಿದು ಸೇತುವೆ ಕಟ್ಟುವಾಗ ಅಂಚಿನಲ್ಲೊಂದು ಸಾಲು ಕಲ್ಲು ನೆಟ್ಟು ಸೈಕಲ್ಲಿಗೂ ನಡೆಯುವವರಿಗೂ ಜಾಗ ಬಿಡುವುದು ದೊಡ್ಡ ಖರ್ಚೇನಲ್ಲ. ಮೀನು ಮಾರುವ ಹೆಂಗಸರು, ಶಾಲೆ ಮಕ್ಕಳು, ಕೂಲಿಗೆ ಹೋಗುವವರು ದಿನಾ ದಾಟುವ ನದಿಗಳಿವು.

ಆ ಹಿರಿಯರು ಮತ್ತೆ ಸಿಕ್ಕರೆ ಹೇಳಲು ಉತ್ತರ ಈಗ ಸಿದ್ಧವಿದೆ. ಪ್ರೀತಿ ಇದೆ ಸಾರ್, ಅದಕ್ಕೇ ಕರೆದುಕೊಂಡು ಬಂದದ್ದು. ಮುಂದಿನ ಸಲ ಸೇತುವೆ ಮೇಲೆ ಸೈಕಲ್ ಕಂಡರೆ ನೀವು ನಲವತ್ತರ ವೇಗದಲ್ಲಿ ಬನ್ನಿ, ಹಾರ್ನ್ ಬೇಡ.

ದಸರಾ ರಜೆಗೆ ಮುರುಡೇಶ್ವರದಿಂದ ಮರವಂತೆಗೆ ಹೋಗುವುದೆಂದು ಮಗಳು ಆಗಲೇ ಅಪ್ಪನಿಂದ ಮಾತು ತೆಗೆದುಕೊಂಡಿದ್ದಾಳೆ. ಅಲ್ಲಿ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ಇದೇ ಹೆದ್ದಾರಿ. ಲಾರಿಗಳು ಏಳುವ ಮೊದಲೇ, ಬೆಳಗಿನ ಆರಕ್ಕೆ ಆ ಭಾಗ ದಾಟಬೇಕು.