ಹೆಲ್ತ್‌ಕೇರ್ ಎಐ ಸ್ಟಾರ್ಟಪ್‌ಗೆ ಹೋಗಬೇಕಾ? ಮೊದಲು ಒಂದು ಡೈಕಾಮ್ ಫೈಲ್ ಬಿಡಿಸಿ ನೋಡಿ

ನಾಲ್ಕೈದು ವರ್ಷ ಬ್ಯಾಂಕಿಂಗ್‌ಗೋ ಇ-ಕಾಮರ್ಸ್‌ಗೋ ಕೋಡ್ ಬರೆದವರು ಹೆಲ್ತ್‌ಕೇರ್ ಎಐ ಕಡೆ ಹೊರಳಬೇಕು ಎಂದುಕೊಂಡ ಕೂಡಲೇ ಡೀಪ್ ಲರ್ನಿಂಗ್ ಕೋರ್ಸಿಗೆ ದುಡ್ಡು ಕಟ್ಟುತ್ತಾರೆ. ಕಲಿಯಲಿ, ಬೇಡ ಅನ್ನುವುದಿಲ್ಲ. ಆದರೆ ಎಕ್ಸ್‌ರೇ ಓದುವ ಮುಂಬೈನ ಕ್ಯೂರ್ ಡಾಟ್ ಎಐ, ಇಸಿಜಿ ನೋಡುವ ಬೆಂಗಳೂರಿನ ಟ್ರೈಕಾಗ್, ರಕ್ತದ ಸ್ಮಿಯರ್ ನೋಡುವ ಸಿಗ್‌ಟಪಲ್‌ನಂಥ ಕಂಪನಿಗಳ ಕೆಲಸ ಮಾಡೆಲ್ ಟ್ರೈನ್ ಮಾಡುವುದಕ್ಕೇ ಮುಗಿಯುವಂಥದ್ದಲ್ಲ. ಆಸ್ಪತ್ರೆಯ ಯಂತ್ರದಿಂದ ಡೇಟಾ ಎಳೆದು ತರಬೇಕು, ರೋಗಿಯ ಹೆಸರು ಅಳಿಸಬೇಕು, ಉತ್ತರವನ್ನು ಡಾಕ್ಟರ ಪರದೆಗೆ ಮುಟ್ಟಿಸಬೇಕು, ನಡುವೆ ನೆಟ್ ಹೋದರೂ ಏನೂ ಕಳೆಯಬಾರದು. ಬ್ಯಾಕೆಂಡ್‌ನವರು ಸುಲಭವಾಗಿ ಒಳಹೋಗುವುದು ಈ ಬಾಗಿಲಿನಿಂದ.

ತಯಾರಿಗೆ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು. ಸ್ಕ್ಯಾನ್, ಎಕ್ಸ್‌ರೇ ಚಿತ್ರಗಳನ್ನು ರೋಗಿಯ ವಿವರದ ಜೊತೆ ಇಡಲು, ಕಳಿಸಲು ಆಸ್ಪತ್ರೆಗಳು ಬಳಸುವ ಫಾರ್ಮ್ಯಾಟ್ ಡೈಕಾಮ್. ಆರ್ಥಾಂಕ್ ಎಂಬ ಓಪನ್ ಸೋರ್ಸ್ ಡೈಕಾಮ್ ಸರ್ವರನ್ನು ಡಾಕರ್‌ನಲ್ಲಿ ಓಡಿಸಿ. ಬ್ರೌಸರಿಗೆ 8042, ಡೈಕಾಮ್‌ಗೆ 4242 ಪೋರ್ಟ್. ಆಸ್ಪತ್ರೆಯ ಚಿತ್ರಗಳನ್ನೆಲ್ಲ ಕೂಡಿಡುವ ಪ್ಯಾಕ್ಸ್ ಎಂಬ ವ್ಯವಸ್ಥೆ ಮಾಡುವ ಕೆಲಸದ ಸಣ್ಣ ನಕಲು ಇದು. ಸಾರ್ವಜನಿಕವಾಗಿ ಸಿಗುವ ಒಂದು ಸಿಟಿ ಸ್ಕ್ಯಾನನ್ನು ಅದಕ್ಕೆ ಕಳಿಸುತ್ತಾ ನಡುವೆ ನೆಟ್‌ವರ್ಕ್ ಕಡಿದುಬಿಡಿ. ಸ್ಕ್ಯಾನಿನ 300 ಸ್ಲೈಸ್‌ಗಳಲ್ಲಿ (ಒಂದೊಂದು ಅಡ್ಡ ಸೀಳಿನ ಚಿತ್ರ) 180 ಬಂದು ನಿಂತರೆ ನಿಮ್ಮ ಕೋಡ್ ಏನು ಮಾಡುತ್ತದೆ? 'ಇಷ್ಟೇ, ಮುಗೀತು' ಎಂದು ಯಂತ್ರ ಹೇಳುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಆರ್ಥಾಂಕ್ ತನ್ನ ಡಿಫಾಲ್ಟ್‌ನಲ್ಲಿ 60 ಸೆಕೆಂಡ್ ಹೊಸ ಸ್ಲೈಸ್ ಬರದಿದ್ದರೆ ಆ ಸ್ಟಡಿ (ಒಂದು ಸಲದ ಇಡೀ ಸ್ಕ್ಯಾನ್) ಸ್ಥಿರವಾಯಿತು, ಇನ್ನು ಬರುವುದಿಲ್ಲ ಎಂದು ಲೆಕ್ಕ ಹಾಕುತ್ತದೆ. ಆ 60ನ್ನು 20ಕ್ಕೆ ಇಳಿಸಿದರೆ ಅರ್ಧ ತಲೆಯ ಸ್ಕ್ಯಾನ್ ಮಾಡೆಲ್‌ಗೆ ಹೋಗಬಹುದು, 300ಕ್ಕೆ ಏರಿಸಿದರೆ ಸ್ಟ್ರೋಕ್ ರೋಗಿಯ ಐದು ನಿಮಿಷ ಸುಮ್ಮನೆ ಹೋಯಿತು. ಇಂಟರ್‌ವ್ಯೂನಲ್ಲಿ ಇದೊಂದನ್ನು ಬಿಡಿಸಿ ಹೇಳಬಲ್ಲವರು ಹತ್ತು ಸರ್ಟಿಫಿಕೇಟ್ ತೋರಿಸುವವರಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಆಮೇಲೆ ಡೈಕಾಮ್ ಓದುವ ಪೈಥಾನ್ ಲೈಬ್ರರಿಯಾದ ಪೈಡೈಕಾಮ್‌ನಲ್ಲಿ ಫೈಲ್ ತೆರೆಯಿರಿ. ಫೋಟೋಮೆಟ್ರಿಕ್ ಇಂಟರ್‌ಪ್ರಿಟೇಶನ್ ಎಂಬ ಟ್ಯಾಗ್‌ನಲ್ಲಿ (ಚಿತ್ರದ ಜೊತೆಗಿರುವ ಮಾಹಿತಿಯ ಖಾನೆ) ಮೊನೊಕ್ರೋಮ್1 ಎಂದಿದ್ದರೆ ಕಪ್ಪು-ಬಿಳಿ ತಿರುಗಾಮುರುಗಾ. ಪಿಕ್ಸೆಲ್ ಅರೇ ಓದುವಾಗ ಲೈಬ್ರರಿ ಅದನ್ನು ತಾನಾಗಿ ಸರಿಮಾಡಿ ಕೊಡುವುದಿಲ್ಲ. ಮಾಡೆಲ್ ಕೂಡ ಎರರ್ ಕೊಡುವುದಿಲ್ಲ, ಗಟ್ಟಿ ಆತ್ಮವಿಶ್ವಾಸದಿಂದ ತಪ್ಪು ಉತ್ತರ ಕೊಡುತ್ತದೆ. ಸಿಟಿಯಲ್ಲಿ ಪಿಕ್ಸೆಲ್ ಅಂಕಿಯನ್ನು ಫೈಲಿನಲ್ಲೇ ಕೊಟ್ಟಿರುವ ಸ್ಲೋಪ್‌ನಿಂದ ಗುಣಿಸಿ ಇಂಟರ್‌ಸೆಪ್ಟ್ ಕೂಡಿಸಿದರೆ ಸಾಂದ್ರತೆಯ ಅಳತೆಯಲ್ಲಿ ನೀರು 0, ಗಾಳಿ -1000ರ ಆಸುಪಾಸು ಬರಬೇಕು. ಸ್ಲೋಪ್ 1, ಇಂಟರ್‌ಸೆಪ್ಟ್ -1024 ಇರುವ ಫೈಲಿನಲ್ಲಿ ಈ ಲೆಕ್ಕ ಮರೆತರೆ ನೀರೇ 1024 ಆಗಿ, ಮೂಳೆಯಂತೆ ಕಾಣುತ್ತದೆ.

ಹೆಸರು ಅಳಿಸುವುದೂ ಅಂದುಕೊಂಡಷ್ಟು ಸಲೀಸಲ್ಲ. ಟ್ಯಾಗ್ ಖಾಲಿ ಮಾಡಿದರೂ ಅಲ್ಟ್ರಾಸೌಂಡ್ ಚಿತ್ರದ ಮೂಲೆಯಲ್ಲಿ ಪಿಕ್ಸೆಲ್‌ನಲ್ಲೇ ಹೆಸರು ಅಚ್ಚಾಗಿರಬಹುದು. ಯಂತ್ರದ ಕಂಪನಿ ಸೇರಿಸಿದ ಪ್ರೈವೇಟ್ ಟ್ಯಾಗ್‌ಗಳಲ್ಲೂ ಉಳಿದಿರಬಹುದು. ಇನ್ನು ಪ್ರತಿ ಫೈಲಿಗೂ ಮನಬಂದಂತೆ ಹೊಸ ಸ್ಟಡಿ ಐಡಿ ಕೊಟ್ಟರೆ ಒಂದೇ ಸ್ಕ್ಯಾನಿನ 300 ಸ್ಲೈಸ್ 300 ಸ್ಟಡಿಯಾಗಿ ಚೆಲ್ಲಾಪಿಲ್ಲಿ. ಹಳೆಯ ಐಡಿಗೆ ಯಾವಾಗಲೂ ಅದೇ ಹೊಸ ಐಡಿ ಸಿಗಬೇಕು. ಗುರುತು ಸಿಗದಂತೆ ತಾರೀಖು ಸರಿಸುವಾಗಲೂ ಒಬ್ಬ ರೋಗಿಯ ಎಲ್ಲ ತಾರೀಖುಗಳೂ ಒಂದೇ ಲೆಕ್ಕದಷ್ಟು ದಿನ ಸರಿಯಬೇಕು.

ಮಾಡೆಲ್ ಕಡೆಗೇ ಹೋಗುವವರಿಗೆ ಒಂದು ಎಚ್ಚರಿಕೆ. ಅಮೆರಿಕದ ಎನ್‌ಐಎಚ್ ಬಿಡುಗಡೆ ಮಾಡಿದ ಚೆಸ್ಟ್ ಎಕ್ಸ್‌ರೇ ಸಂಗ್ರಹದಲ್ಲಿ 1,12,120 ಚಿತ್ರಗಳಿವೆ, ರೋಗಿಗಳು 30,805. ಚಿತ್ರಗಳನ್ನು ಕಲೆಸಿ ಮಾಡೆಲ್‌ಗೆ ಕಲಿಸಲು (ಟ್ರೈನ್) 80 ಶೇಕಡಾ, ಪರೀಕ್ಷಿಸಲು (ಟೆಸ್ಟ್) 20 ಶೇಕಡಾ ಎಂದು ಹಂಚಿದಿರೋ, ಒಬ್ಬನೇ ರೋಗಿಯ ಎದೆ ಟ್ರೈನ್‌ನಲ್ಲೂ ಟೆಸ್ಟ್‌ನಲ್ಲೂ ಕೂರುತ್ತದೆ. ಅಂಕ ಚೆನ್ನಾಗಿ ಬರುತ್ತದೆ, ಆಸ್ಪತ್ರೆಯಲ್ಲಿ ಮಾಡೆಲ್ ಮಕಾಡೆ ಮಲಗುತ್ತದೆ. ಹಂಚಿಕೆ ರೋಗಿಯ ಲೆಕ್ಕದಲ್ಲೇ ಆಗಬೇಕು. 2018ರಲ್ಲಿ ಪ್ರಕಟವಾದ ನ್ಯುಮೋನಿಯಾ ಅಧ್ಯಯನವೊಂದರಲ್ಲಿ ಮಾಡೆಲ್ ಎಕ್ಸ್‌ರೇ ಯಾವ ಆಸ್ಪತ್ರೆಯದು ಎಂಬುದನ್ನೇ ಗುರುತಿಸಬಲ್ಲದಾಗಿತ್ತು. ಹೊರಗಿನ ಆಸ್ಪತ್ರೆಯ ಚಿತ್ರ ಕೊಟ್ಟಾಗ ಅದರ ಅಂಕ ಕುಸಿಯಿತು.

ಶೇಕಡಾವಾರು ಮಾತಿಗೆ ಮರುಳಾಗುವ ಮುನ್ನ ಕಾಗದದ ಮೇಲೆ ಒಂದು ಲೆಕ್ಕ ಹಾಕಿ. 10,000 ಜನರಲ್ಲಿ 100 ಮಂದಿಗೆ ಕಾಯಿಲೆ. ಸೆನ್ಸಿಟಿವಿಟಿ (ಕಾಯಿಲೆಯವರನ್ನು ಹಿಡಿಯುವ ಪ್ರಮಾಣ), ಸ್ಪೆಸಿಫಿಸಿಟಿ (ಆರೋಗ್ಯವಂತರನ್ನು ಆರೋಗ್ಯವಂತರೆಂದೇ ಹೇಳುವ ಪ್ರಮಾಣ) ಎರಡೂ 90 ಶೇಕಡಾ ಎನ್ನೋಣ. ಕಾಯಿಲೆಯವರಲ್ಲಿ 90 ಮಂದಿ ಸಿಕ್ಕರು, ಸರಿ. ಆರೋಗ್ಯವಾಗಿರುವ 9,900 ಮಂದಿಯಲ್ಲಿ 990 ಜನರಿಗೂ ಕಾಯಿಲೆ ಇದೆ ಅಂದಿತು. ಒಟ್ಟು 1,080 ಎಚ್ಚರಿಕೆಯಲ್ಲಿ ನಿಜವಾದದ್ದು 90, ಅಂದರೆ ಹನ್ನೆರಡಕ್ಕೆ ಒಂದು. ರೇಡಿಯಾಲಜಿಸ್ಟ್ ಎರಡನೇ ವಾರಕ್ಕೇ ಆ ಅಲರ್ಟ್ ಮ್ಯೂಟ್ ಮಾಡಿದರೆ ತಪ್ಪು ಅವರದ್ದಲ್ಲ.

ಹೆಸರು ಅಳಿಸಿದ ಆಸ್ಪತ್ರೆ ದಾಖಲೆಗಳ ಸಂಗ್ರಹವಾದ ಎಂಐಎಂಐಸಿ-4 ಡೇಟಾ ಬೇಕಿದ್ದರೆ ಫಿಸಿಯೋನೆಟ್ ಎಂಬ ತಾಣದಲ್ಲಿ ಅರ್ಜಿ ಹಾಕಿ, ಮಾನವ ಸಂಶೋಧನೆಯ ಆನ್‌ಲೈನ್ ತರಬೇತಿ ಮುಗಿಸಿ, ಒಪ್ಪಂದಕ್ಕೆ ಸಹಿ ಮಾಡಬೇಕು. ಆ ದಾಖಲೆಗಳನ್ನು ಯಾವುದೋ ಚಾಟ್‌ಬಾಟ್‌ಗೆ ಅಂಟಿಸಿದರೆ ಒಪ್ಪಂದ ಮುರಿದಂತೆ.

ಕಾನೂನು ಬೇಸರದ ವಿಷಯ, ಆದರೆ ಭಾರತದಲ್ಲಿ 2020ರ ಏಪ್ರಿಲ್ 1ರಿಂದ ರೋಗ ಪತ್ತೆಗೆ ಬಳಸುವ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನದ ವ್ಯಾಖ್ಯೆಗೆ ಸೇರಿದೆ. ವೈದ್ಯಕೀಯ ಸಾಫ್ಟ್‌ವೇರ್ ತಯಾರಿಕೆಯ ಐಇಸಿ 62304, ಅಪಾಯ ನಿರ್ವಹಣೆಯ ಐಎಸ್‌ಒ 14971 ಎಂಬ ಎರಡು ಮಾನದಂಡಗಳ ಸಾರಾಂಶವನ್ನಾದರೂ ಓದಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಹಾಟ್‌ಫಿಕ್ಸ್ ತಳ್ಳುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಯಾವ ಅಗತ್ಯಕ್ಕೆ ಯಾವ ಕೋಡ್, ಅದಕ್ಕೆ ಯಾವ ಟೆಸ್ಟ್ ಎಂಬ ಸರಪಳಿ ಕಾಗದದಲ್ಲಿ ಇರಲೇಬೇಕು.

ಆಫರ್ ಬಂದರೆ ಷೇರಿನ ಆಸೆಗೆ ಸಂಬಳ ಬಿಟ್ಟುಕೊಡುವ ಮೊದಲು ವಿವರ ಕೇಳಿ. ಸಾಮಾನ್ಯವಾಗಿ ವೆಸ್ಟಿಂಗ್ (ಷೇರಿನ ಹಕ್ಕು ಹಂತಹಂತವಾಗಿ ನಿಮ್ಮದಾಗುವುದು) ನಾಲ್ಕು ವರ್ಷ, ಮೊದಲ ವರ್ಷ ತುಂಬುವ ಮುಂಚೆ ಬಿಟ್ಟರೆ ಕೈಗೆ ಏನೂ ಇಲ್ಲ. ಷೇರು ಪಡೆದ ದಿನ ಅದರ ಮೌಲ್ಯಕ್ಕೂ ನೀವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸ ಸಂಬಳದ ಆದಾಯವಾಗಿ ತೆರಿಗೆಗೆ ಸೇರುತ್ತದೆ, ಮಾರಿ ದುಡ್ಡು ಬಂದಿರದಿದ್ದರೂ. ಕೆಲಸ ಬಿಟ್ಟ ಮೇಲೆ ಷೇರು ಪಡೆಯಲು ಎಷ್ಟು ದಿನ ಕೊಡುತ್ತಾರೆ ಎಂಬುದನ್ನು ಬರಹದಲ್ಲೇ ತೆಗೆದುಕೊಳ್ಳಿ. ಹಾಗೆಯೇ 90 ದಿನದ ನೋಟಿಸ್ ಪೀರಿಯಡ್ ಇರುವವರು ಉಳಿದ ದಿನಗಳ ಬದಲಿಗೆ ಕಟ್ಟುವ ಬೈಔಟ್ ಹಣ ಯಾರು ಕೊಡುತ್ತಾರೆ ಎಂಬುದನ್ನೂ ರಾಜೀನಾಮೆ ಕೊಡುವ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ.