"ನಿಮ್ಮಜ್ಜಿ ಎಷ್ಟು ಹೆರಿಗೆ ಮಾಡಿಸಿದ್ರು?"

ಗೊತ್ತಿಲ್ಲ.

ಇದೇ ನನ್ನ ಉತ್ತರ. ಇಷ್ಟಕ್ಕೇ ಬಂದವರು ಇಲ್ಲಿಂದಲೇ ಎದ್ದು ಹೋಗಬಹುದು, ಬೇಜಾರಿಲ್ಲ.

ನಮ್ಮಜ್ಜಿ ಸೂಲಗಿತ್ತಿ. ತುಮಕೂರು ಜಿಲ್ಲೆ, ಮಧುಗಿರಿ ಸೀಮೆಯ ಒಂದು ಹಳ್ಳಿ. ಈ ವಿಷಯ ಎಲ್ಲಾದರೂ ಬಾಯಿಬಿಟ್ಟರೆ ಸಾಕು, ಮುಂದಿನ ಮಾತು "ಹೌದಾ, ಎಷ್ಟು?" 2018ರಲ್ಲಿ ಪಕ್ಕದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂತು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದಾರೆ ಅಂತ ಎಲ್ಲ ಪೇಪರಿನಲ್ಲೂ ಬರೆದರು. ಅವರು ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆವತ್ತಿನಿಂದ ಯಾವ ಸೂಲಗಿತ್ತಿಯ ಸುದ್ದಿ ಎತ್ತಿದರೂ ಜನ ಸ್ಕೋರ್ ಕೇಳುತ್ತಾರೆ. ನಾನು ಗೊತ್ತಿಲ್ಲ ಅಂದರೆ ಮುಖದಲ್ಲಿ ಒಂಥರಾ ಅನುಮಾನ. ಅಜ್ಜಿ ನಿಜವಾಗಲೂ ಇದ್ದಳೋ ಇಲ್ಲವೋ ಅನ್ನುವ ಹಾಗೆ.

ಅಜ್ಜಿ ತೀರಿಕೊಂಡಾಗ ಇದು ಅತಿಯಾಯಿತು. ತಿಥಿಗೆ ಊರ ಮುಂದೆ ಫ್ಲೆಕ್ಸ್ ಕಟ್ಟಿಸಲೇಬೇಕು ಅಂತ ದೊಡ್ಡಮ್ಮನ ಮಗ ಹಟ ಹಿಡಿದ. ಫ್ಲೆಕ್ಸ್ ಅಂಗಡಿಯಲ್ಲೇ ನಿಂತು ಫೋನ್ ಮಾಡಿದ.

"ಎಷ್ಟು ಅಂತ ಹಾಕ್ಸೋದು? ಐದು ಸಾವಿರ?"

"ಯಾರೋ ಎಣಿಸಿದ್ದು?"

"ಯಾರೂ ಎಣಿಸಿಲ್ವಲ್ಲ, ಅದಕ್ಕೇ ಕೇಳ್ತಿರೋದು. ಹತ್ತು ಅಂದ್ರೆ ಜಾಸ್ತಿ ಆಗುತ್ತಾ?"

"ನಮ್ಮೂರಲ್ಲಿ ಜನ ಎಷ್ಟಿದ್ದಾರೆ, ಅದು ಗೊತ್ತಾ ನಿಂಗೆ?"

ಫೋನ್ ಇಟ್ಟ. ಕೊನೆಗೆ "ಸಾವಿರಾರು ತಾಯಂದಿರ ತಾಯಿ" ಅಂತ ಹಾಕಿಸಿಕೊಂಡು ಬಂದ. ಸಾವಿರಾರು ಅಂದರೆ ಲೆಕ್ಕ ಕೊಡಬೇಕಿಲ್ಲವಲ್ಲ. ಕೆಳಗೆ ದುಃಖತಪ್ತರ ಸಾಲಿನಲ್ಲಿ ಅವನದೂ ಫೋಟೊ ಇತ್ತು, ಕೂಲಿಂಗ್ ಗ್ಲಾಸ್ ಹಾಕಿಕೊಂಡದ್ದು.

ಬೆಂಗಳೂರಿನ ಕಡೆಯವರ ಪ್ರಶ್ನೆ ಸ್ವಲ್ಪ ಬೇರೆ. "ನಾರ್ಮಲ್ ಆಗೋಕೆ ಅಜ್ಜಿ ಏನು ಕಷಾಯ ಕೊಡ್ತಿದ್ರು? ಆಗಿನ ಕಾಲವೇ ಚೆನ್ನಾಗಿತ್ತು ಅಲ್ವಾ?" ಚೆನ್ನಾಗಿರಲಿಲ್ಲ. ಹಳೇ ಬ್ಲೇಡಲ್ಲೋ ಕುಡುಗೋಲಲ್ಲೋ ಹೊಕ್ಕಳುಬಳ್ಳಿ ಕೊಯ್ದು, ಮೇಲೆ ಸಗಣಿಯೋ ಬೂದಿಯೋ ಮೆತ್ತುತ್ತಿದ್ದ ಮನೆಗಳಿದ್ದವು. ಅಂಥ ಎಷ್ಟೋ ಮಕ್ಕಳು ವಾರ ಎರಡು ವಾರದೊಳಗೆ ಬಾಯಿ ಕಚ್ಚಿಕೊಂಡು ಸಾಯುತ್ತಿದ್ದವು. ಧನುರ್ವಾಯು. ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯು ಹತೋಟಿಗೆ ಬಂದಿದೆ ಅಂತ ನಮ್ಮ ದೇಶದ ಬಗ್ಗೆ ಘೋಷಿಸಿದ್ದು 2015ರಲ್ಲಿ, ತೀರಾ ಮೊನ್ನೆ ಮೊನ್ನೆ. ನರ್ಸ್ ಒಬ್ಬರು ಕಲಿಸಿಕೊಟ್ಟ ಮೇಲೆ ಅಜ್ಜಿ ಹೊಸ ಬ್ಲೇಡ್, ಕುದಿಸಿದ ದಾರ, ಸೋಪು ಇಲ್ಲದೆ ಹೊಸಿಲು ದಾಟುತ್ತಿರಲಿಲ್ಲ. ಸಗಣಿ ಹಿಡಿದು ಬಂದ ಮುದುಕಿಯರನ್ನು ಬೈದು ಅಟ್ಟುತ್ತಿದ್ದಳು. ನಿಮ್ಮ ಕಷಾಯದ ರಹಸ್ಯ ಇಷ್ಟೇ, ಸೋಪು.

ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಲಿ ಅಂತ ನಾನು ಕಾದ ಪ್ರಶ್ನೆ ಬೇರೆಯೇ ಇದೆ. ಅಜ್ಜಿ ಯಾವ ಹೆರಿಗೆಗೆ "ನಾನು ಒಲ್ಲೆ" ಅಂದಳು?

ಬಸುರಿಯ ಮುಖ, ಕೈಕಾಲು ಊದಿ, ತಲೆನೋವು, ಕಣ್ಣು ಮಂಜು ಅಂದರೆ ಒಲ್ಲೆ. ಡಾಕ್ಟರು ಗರ್ಭನಂಜು ಅನ್ನುವುದು ಇದನ್ನೇ. ನೋವು ಶುರುವಾಗುವ ಮೊದಲೇ ರಕ್ತ ಕಂಡರೆ ಒಲ್ಲೆ. ಗರ್ಭದ ನೀರು ಹಸಿರಾಗಿ ಹೋದರೆ ಒಲ್ಲೆ. ತಲೆಯ ಬದಲು ಕೈ ಮುಂದೆ ಬಂದರೆ ಮುಟ್ಟುವುದೇ ಇಲ್ಲ. ಆ ಹೊತ್ತಲ್ಲಿ ಮನೆಯವರು ಅಜ್ಜಿಯ ಕಾಲು ಹಿಡಿಯುತ್ತಿದ್ದರು. "ನಿನ್ನ ಕೈಗುಣ ದೊಡ್ಡದು ಕಣವ್ವ, ಮಾರಮ್ಮ ಕಾಪಾಡ್ತಾಳೆ, ನೀನೇ ನೋಡು." ಅಜ್ಜಿಯದು ಒಂದೇ ಮಾತು. "ಮಾರಮ್ಮ ಕಾಪಾಡ್ತಾಳೆ ಕಣಪ್ಪ, ನೀನು ಗಾಡಿ ಕಟ್ಟು."

ದೇವರ ಮೇಲೆ ಭಾರ ಹಾಕಿ ಕೂರುವವಳಲ್ಲ. ಹಾಗಂತ ಭಕ್ತಿ ಕಮ್ಮಿ ಅಂದುಕೊಳ್ಳಬೇಡಿ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ ತಪ್ಪಿಸಿದವಳಲ್ಲ. ಮಂಗಳವಾರ, ಶುಕ್ರವಾರ ದೀಪ ಹಚ್ಚದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ನಮ್ಮೂರ ಗುಡಿಯಲ್ಲಿ ಮಾತ್ರ ತಕರಾರು. ಯಾವುದಾದರೂ ಮನೆಯ ಪುರುಡು, ಅಂದರೆ ಹೆರಿಗೆಯ ಮೈಲಿಗೆ, ಅವಳಿಗೆ ಅಂಟಿಕೊಂಡೇ ಇರುತ್ತಿತ್ತಲ್ಲ, ಒಳಗೆ ಬರಬೇಡ ಅನ್ನುತ್ತಿದ್ದರು. ಅಜ್ಜಿ ಜಗಳ ಆಡಲಿಲ್ಲ. ಹೊರಗೆ ನಿಂತು ದೊಡ್ಡ ದನಿಯಲ್ಲಿ ಹರಕೆ ಹೇಳಿಕೊಳ್ಳುತ್ತಿದ್ದಳು. "ಅಮ್ಮನಿಗೇನು ಕಿವುಡಾ?" ಒಳಗಿದ್ದವರಿಗೆ ಮಂತ್ರ ಮರೆತು ಹೋಗಬೇಕು, ಅಷ್ಟು ದೊಡ್ಡ ದನಿ.

ಒಲ್ಲೆ ಅಂದದ್ದಕ್ಕೆ ಹೊಗಳಿಕೆ ಸಿಗಲಿಲ್ಲ. ಅವಳಿಗೆ ಕೈಲಾಗಲಿಲ್ಲ ಅಂತ ಆಡಿಕೊಂಡರು. ಅದು ಜೋರಾಗಿದ್ದು ನಮ್ಮಮ್ಮ ಹೆರಿಗೆಗೆ ತವರಿಗೆ ಬಂದಾಗ. ಎಂಟು ತುಂಬಿದ ಮೇಲೆ ಅಜ್ಜಿ ದಿನಾ ಸಂಜೆ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ತಲೆ ಕೆಳಗಿಲ್ಲ, ಮಗು ಅಡ್ಡ ಮಲಗಿದೆ. ಕೊನೆಗೂ ತಿರುಗಲಿಲ್ಲ. ನೋವು ಬರುವ ತನಕ ಕಾಯದೆ ಮಗಳನ್ನು ಬಸ್ಸು ಹತ್ತಿಸಿಕೊಂಡು ತುಮಕೂರಿನ ದೊಡ್ಡಾಸ್ಪತ್ರೆಗೆ ಹೋದಳು. ಆಪರೇಷನ್ ಆಯಿತು. ಊರಲ್ಲಿ ತಿಂಗಳುಗಟ್ಟಲೆ ಅದೇ ಮಾತು. ಸೂಲಗಿತ್ತಿ ಮಗಳಿಗೇ ಆಸ್ಪತ್ರೆ ಬೇಕಾಯ್ತಂತೆ! ಆ ಅಡ್ಡ ಮಲಗಿದ್ದು ನಾನೇ. ಅಂದರೆ ನೀವು ಕೇಳುವ ಲೆಕ್ಕದಲ್ಲಿ ನಾನು ಬರುವುದೇ ಇಲ್ಲ. ಅವಳು ಉಳಿಸಿದ ಇಂಥ ಎಷ್ಟು ಜನ ಯಾವ ಫ್ಲೆಕ್ಸಿಗೂ ಬರುವುದಿಲ್ಲವೋ.

ಮನೆ ಯಾರು ನೋಡಿಕೊಂಡರು ಅಂತಲೂ ಯಾರೂ ಕೇಳಿಲ್ಲ. ತಾತ ನೋಡಿಕೊಂಡ. ಮುದ್ದೆ ತಿರುವಿದ, ಮಕ್ಕಳ ಜಡೆ ಹೆಣೆದ, ಕೆಟ್ಟದಾಗಿ ಹೆಣೆದ ಅಂತ ಅಮ್ಮ ಈಗಲೂ ದೂರುತ್ತಾಳೆ. ಸಮಾಜಸೇವಕಿಯ ಗಂಡನಿಗೆ ಪ್ರಶಸ್ತಿ ಇಲ್ಲ.

ಆಮೇಲೆ ಆಶಾ ಕಾರ್ಯಕರ್ತೆಯರು ಬಂದರು, 108 ಆಂಬುಲೆನ್ಸ್ ಬಂತು. ಕೇಂದ್ರ ಸರ್ಕಾರದ ಸಮೀಕ್ಷೆ ನೋಡಿ. 2005-06ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿತ್ತು, 2019-20ಕ್ಕೆ ಅದು 97. ಅಜ್ಜಿಗೆ ಕೆಲಸ ಹೋಯಿತು. ಅಯ್ಯೋ ಪಾಪ ಅನ್ನುವವರಿಗೆ ಹೇಳುತ್ತೇನೆ, ಅವಳಿಗೆ ಬೇಜಾರಾಗಲಿಲ್ಲ. 108ರಲ್ಲಿ ಡ್ರೈವರ್ ಪಕ್ಕದ ಸೀಟು ಬೇಕು ಅಂತ ಜಗಳ ಮಾತ್ರ ಆಡುತ್ತಿದ್ದಳು.

ಇನ್ನೊಂದು. "ಒಂದು ಪೈಸೆ ಮುಟ್ಟುತ್ತಿರಲಿಲ್ಲವಂತೆ" ಅಂತ ಕೈ ಮುಗಿಯುತ್ತೀರಲ್ಲ, ದಯವಿಟ್ಟು ಬೇಡ. ಮುಟ್ಟುತ್ತಿದ್ದಳು. ಎಲೆ ಅಡಿಕೆ, ಒಂದು ಸೀರೆ, ಮೊರದ ತುಂಬ ರಾಗಿ, ಇದ್ದವರು ದುಡ್ಡು. ಇಲ್ಲದವರ ಮನೆಯಲ್ಲಿ ಕೇಳುತ್ತಿರಲಿಲ್ಲ, ಅಷ್ಟೇ. ಇದ್ದೂ ಕೊಡದವರನ್ನು ಮಾತ್ರ ಬಿಡಲಿಲ್ಲ. ಹೆರಿಗೆ ಎಣಿಸದ ಅಜ್ಜಿಗೆ ಈ ಲೆಕ್ಕ ಬಾಯಿಪಾಠ. ಯಾವ ಮನೆ, ಗಂಡೋ ಹೆಣ್ಣೋ, ಎಷ್ಟು ಸೇರು ಬಾಕಿ, ಎಲ್ಲ. ಸಾಯುವ ಮುಂಚೆ ಅಮ್ಮನಿಗೆ ಒಪ್ಪಿಸಿಯೇ ಹೋಗಿದ್ದಾಳೆ. ಮಧುಗಿರಿ ಕಡೆಯವರು ಮುಂದಿನ ಸಲ "ಎಷ್ಟು" ಅಂತ ಕೇಳುವ ಮೊದಲು ನಿಮ್ಮ ಮನೆಯಲ್ಲಿ ಒಮ್ಮೆ ವಿಚಾರಿಸಿಕೊಂಡು ಬನ್ನಿ.