ಕೈಯಲ್ಲಿ ತಿರುಗಿಸುವ ಜನರೇಟರ್: ಆರು ವಾರದ ಕೆಲಸದ ಟಿಪ್ಪಣಿ

ಮೊದಲ ವಾರ

ಜನರೇಟರಿಗೆ ಬಲ್ಬು ಜೋಡಿಸಿದರೆ ಹ್ಯಾಂಡಲ್ ಭಾರವಾಗುತ್ತದೆ ಅಂತ ಓದಿದ್ದೆ. ಆ ಭಾರ ನನ್ನ ಕೈಗೇ ಗೊತ್ತಾಗಬೇಕು ಅನ್ನೋ ಆಸೆ ತುಂಬಾ ದಿನದಿಂದ ಇತ್ತು. ಈ ಕೆಲಸಕ್ಕೆ ಕೈ ಹಾಕಿದ್ದು ಅದಕ್ಕೇ.

ಯಂತ್ರ ಸರಳ. 15 ಸೆಂ.ಮೀ. ಅಗಲದ ಮರದ ಚಕ್ರ. ಅದರ ಮೇಲೆ ನಾಲ್ಕು ನಿಯೋಡಿಮಿಯಮ್ ಅಯಸ್ಕಾಂತ, ಒಂದೊಂದೂ 20 ಮಿ.ಮೀ. ಅಗಲದ್ದು. ಒಂದರ ಉತ್ತರ ಧ್ರುವ ಮೇಲಕ್ಕಿದ್ದರೆ ಪಕ್ಕದ್ದರ ದಕ್ಷಿಣ ಮೇಲಕ್ಕೆ. ಚಕ್ರದ ಎದುರು ಅಲುಗಾಡದ ಹಲಗೆ, ಹಲಗೆಗೆ ಕಾಯಿಲ್‌ಗಳು, ಅಂದರೆ ತಂತಿಯ ಸುರುಳಿಗಳು. ಹ್ಯಾಂಡಲ್ ಇರುವ ದೊಡ್ಡ ಪುಲ್ಲಿಯಿಂದ ಸಣ್ಣ ಪುಲ್ಲಿಗೆ ಬೆಲ್ಟ್. ಹ್ಯಾಂಡಲ್ ಒಂದು ಸುತ್ತು ಬಂದರೆ ಚಕ್ರ ಐದು ಸುತ್ತು.

ತಂತಿ ಸುಮಾರು 0.3 ಮಿ.ಮೀ. ದಪ್ಪದ ಎನಾಮಲ್ ತಾಮ್ರದ ತಂತಿ. ಒಂದು ಕಾಯಿಲ್‌ಗೆ 300 ಸುತ್ತು. ಲೆಕ್ಕ ತಪ್ಪಬಾರದು ಅಂತ ಪ್ರತಿ 50 ಸುತ್ತಿಗೆ ಕಾಗದದ ಮೇಲೆ ಒಂದು ಗೀಟು ಹಾಕಿದೆ. ಕಾಯಿಲ್ ಮುಗಿಸಿ, ಮೀಟರ್ ಜೋಡಿಸಿ, ಹ್ಯಾಂಡಲ್ ತಿರುಗಿಸಿದೆ. ಸೊನ್ನೆ. ಅರ್ಧ ಗಂಟೆ ಎಲ್ಲೆಲ್ಲೋ ಹುಡುಕಿದ ಮೇಲೆ ತಂತಿಯ ತುದಿಯ ಕಡೆ ನೋಡಿದೆ. ಕರೆಂಟ್ ಬಿಡದ ಎನಾಮಲ್ ಲೇಪವನ್ನು ಹೆರೆದಿರಲಿಲ್ಲ. ಬ್ಲೇಡಿನಿಂದ ಮೆಲ್ಲಗೆ ಹೆರೆದಾಗ ಕಂದು ಬಣ್ಣದ ಕೆಳಗಿಂದ ಗುಲಾಬಿ ತಾಮ್ರ ಹೊಳೆಯಿತು. ಆಮೇಲೆ 0.4 ವೋಲ್ಟ್ ಬಂತು.

ಎರಡನೇ ವಾರ

0.4 ಸಾಲದು. ಕೆಂಪು ಎಲ್ಇಡಿ ಹತ್ತಲಿಕ್ಕೇ 1.8 ವೋಲ್ಟ್ ಹತ್ತಿರ ಬೇಕು. ಕಾಯಿಲ್ ಮತ್ತು ಅಯಸ್ಕಾಂತದ ನಡುವಿನ ಅಂತರ ಅಳೆದೆ, 10 ಮಿ.ಮೀ. ಇತ್ತು. ಹಲಗೆಯನ್ನು ಮುಂದೆ ತಂದು 3 ಮಿ.ಮೀ.ಗೆ ಇಳಿಸಿದೆ. ಅದೇ ವೇಗಕ್ಕೆ 1.3 ವೋಲ್ಟ್! ತಂತಿ ಅದೇ, ಅಯಸ್ಕಾಂತ ಅದೇ, ಬದಲಾಗಿದ್ದು ಗಾಳಿಯ ಅಂತರ ಮಾತ್ರ. ಇಂಥ ಸಣ್ಣ ಯಂತ್ರ ಮಾಡುವವರು ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಇದರ ಬಗ್ಗೆಯೇ ಅನ್ನಿಸುತ್ತದೆ. ಸುತ್ತು ಹೆಚ್ಚಿಸುವುದಕ್ಕೆ ಮೊದಲು ಅಂತರ ಕಡಿಮೆ ಮಾಡಿ.

ಇನ್ನೊಂದು ವಿಷಯ ಕೈಗೇ ಗೊತ್ತಾಯಿತು. ಅಯಸ್ಕಾಂತವನ್ನು ಕಾಯಿಲ್ ಮುಂದೆ ಸುಮ್ನೆ ನಿಲ್ಲಿಸಿದರೆ ಏನೂ ಬರುವುದಿಲ್ಲ, ಎಷ್ಟೇ ಬಲವಾದ ಅಯಸ್ಕಾಂತ ಇರಲಿ. ಅದು ಹತ್ತಿರ ಬರುವಾಗ ಒಂದು ಕಡೆಗೆ ವೋಲ್ಟೇಜ್, ದೂರ ಹೋಗುವಾಗ ಇನ್ನೊಂದು ಕಡೆಗೆ. ಕಾಯಿಲ್‌ಗೆ ಅಯಸ್ಕಾಂತ ಗೊತ್ತಾಗುವುದಿಲ್ಲ, ಅದರ ಬದಲಾವಣೆ ಮಾತ್ರ ಗೊತ್ತಾಗುತ್ತದೆ. ವೇಗ ಇಮ್ಮಡಿಯಾದರೆ ವೋಲ್ಟೇಜ್ ಇಮ್ಮಡಿಯಾಗುವುದೂ ಇದಕ್ಕೇ.

ಮೂರನೇ ವಾರ

ಎರಡನೇ ಕಾಯಿಲ್ ಸುತ್ತಿ, ಮೊದಲನೆಯದರ ಪಕ್ಕದ ಜಾಗದಲ್ಲಿ ಕೂರಿಸಿ, ಒಂದರ ಕೊನೆಯನ್ನು ಇನ್ನೊಂದರ ಮೊದಲಿಗೆ ಬೆಸುಗೆ ಹಾಕಿದೆ. 2.6 ವೋಲ್ಟ್ ಬರಬೇಕಿತ್ತು. ಬಂದದ್ದು 0.1.

ಇದನ್ನು ಬಿಡಿಸಲು ದಿಕ್ಸೂಚಿ ಸಹಾಯ ಮಾಡಿತು. ತಂತಿಯಲ್ಲಿ ಕರೆಂಟ್ ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಅಂತ 1820ರಲ್ಲಿ ಓರ್ಸ್ಟೆಡ್ ಕಂಡುಕೊಂಡದ್ದು ಇದೇ ವಿದ್ಯೆ. ಚಕ್ರವನ್ನು ದೂರ ಇಟ್ಟು, ಎರಡೂ ಕಾಯಿಲ್‌ಗೆ ಒಟ್ಟಿಗೆ 1.5 ವೋಲ್ಟಿನ ಸೆಲ್ ಜೋಡಿಸಿ, ಮುಳ್ಳನ್ನು ಒಂದೊಂದರ ಮುಂದೆ ಹಿಡಿದೆ. ಎರಡೂ ಮುಳ್ಳಿನ ಒಂದೇ ತುದಿಯನ್ನು ಎಳೆದವು. ಆದರೆ ಚಕ್ರದ ಮೇಲೆ ಪಕ್ಕಪಕ್ಕದ ಅಯಸ್ಕಾಂತಗಳು ತಲೆಕೆಳಗು, ಅಲ್ವಾ? ಒಂದು ಕಾಯಿಲ್ ಮುಂದೆ ಉತ್ತರ ಬಂದಾಗ ಇನ್ನೊಂದರ ಮುಂದೆ ದಕ್ಷಿಣ. ಹಾಗಾಗಿ ಒಂದು ಕೊಟ್ಟದ್ದನ್ನು ಇನ್ನೊಂದು ಕಳೆಯುತ್ತಿತ್ತು. ಒಂದರ ಎರಡು ತುದಿ ಅದಲುಬದಲು ಮಾಡಿದೆ, 2.6 ಬಂತು. ಕೆಂಪು ಎಲ್ಇಡಿ ಚೆನ್ನಾಗಿ ಹತ್ತಿತು.

ವಾರದ ಕೊನೆಗೆ ನಾಲ್ಕೂ ಕಾಯಿಲ್ ಮುಗಿದವು. ಒಟ್ಟು 5.2 ವೋಲ್ಟ್, ತಂತಿಯ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) 21 ಓಮ್. ಹ್ಯಾಂಡಲನ್ನು ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದಾಗಿನ ಅಳತೆ ಇದು. ಆಗ ಚಕ್ರ ಹತ್ತು ಸುತ್ತು. ಒಂದು ಸುತ್ತಿಗೆ ಎರಡು ಉತ್ತರ-ದಕ್ಷಿಣ ಜೋಡಿ ದಾಟುತ್ತವೆ, ಅಂದರೆ ಕರೆಂಟ್ ಸೆಕೆಂಡಿಗೆ 20 ಸಲ ಹೋಗಿ ಬರುತ್ತದೆ, 20 ಹರ್ಟ್ಸ್.

ನಾಲ್ಕನೇ ವಾರ

ಇಷ್ಟು ದಿನ ಕಾದಿದ್ದ ಪರೀಕ್ಷೆ ಇದು. ತಂತಿಗಳ ತುದಿ ಬಿಡಿಯಾಗಿ ಬಿಟ್ಟು ತಿರುಗಿಸಿದೆ. ಹಗುರ, ಬೆಲ್ಟಿನ ಸದ್ದು ಮಾತ್ರ. ತಿರುಗಿಸುತ್ತಲೇ ಎಡಗೈಯಿಂದ ಎರಡು ತುದಿ ಸೇರಿಸಿದೆ. ಬಲಗೈಗೆ ತಕ್ಷಣ ಗೊತ್ತಾಯಿತು. ಯಾರೋ ಚಕ್ರವನ್ನು ಮೆತ್ತಗೆ ಹಿಡಿದುಕೊಂಡ ಹಾಗೆ. ತುದಿ ಬಿಡಿಸಿದರೆ ಮತ್ತೆ ಹಗುರ. ಹತ್ತು ಹನ್ನೆರಡು ಸಲ ಸೇರಿಸಿ ಬಿಡಿಸಿ ಮಾಡಿದೆ, ಸಾಕು ಅನ್ನಿಸಲೇ ಇಲ್ಲ.

ಬೆಲ್ಟ್ ತೆಗೆದು ಅಳತೆಯನ್ನೂ ಮಾಡಿದೆ. ಚಕ್ರವನ್ನು ಕೈಯಿಂದ ತಿರುಗಿಸಿ ಬಿಟ್ಟರೆ, ತುದಿ ಬಿಡಿ ಇದ್ದಾಗ ನಿಲ್ಲಲು 20 ಸೆಕೆಂಡ್. ತುದಿ ಸೇರಿಸಿದ್ದಾಗ 4 ಸೆಕೆಂಡ್. ಕಾಯಿಲ್‌ನಲ್ಲಿ ಹರಿಯುವ ಕರೆಂಟ್ ತನ್ನದೇ ಒಂದು ಅಯಸ್ಕಾಂತ ಮಾಡುತ್ತದೆ. ಚಕ್ರದ ಅಯಸ್ಕಾಂತ ಹತ್ತಿರ ಬರುವಾಗ ಅದು ತಳ್ಳುತ್ತದೆ, ದೂರ ಹೋಗುವಾಗ ಎಳೆಯುತ್ತದೆ. 1834ರಲ್ಲಿ ಲೆಂಜ್ ಹೇಳಿದ ನಿಯಮ ಇದು. ಇದು ಉಲ್ಟಾ ಆಗಿದ್ದರೆ ಚಕ್ರ ತಾನೇ ವೇಗ ಹೆಚ್ಚಿಸಿಕೊಂಡು ಪುಕ್ಕಟೆ ಕರೆಂಟ್ ಕೊಡುತ್ತಿತ್ತು. ಹಾಗಾಗುವುದಿಲ್ಲ. ಬೆಳಕಿನ ಲೆಕ್ಕವನ್ನು ಕೈಯೇ ಕಟ್ಟಬೇಕು.

ತಿರುಗುವ ಚಕ್ರದ ಹತ್ತಿರ, ಮುಟ್ಟಿಸದೆ, ಒಂದು ಅಲ್ಯೂಮಿನಿಯಂ ತಗಡು ಹಿಡಿದೆ. ಅದಕ್ಕೂ ಚಕ್ರ ನಿಧಾನವಾಯಿತು. ತಗಡಿಗೆ ಅಯಸ್ಕಾಂತ ಅಂಟುವುದಿಲ್ಲ, ಆದರೂ ಒಳಗೆ ಸುಳಿ ಸುಳಿಯಾಗಿ ಕರೆಂಟ್ ಹರಿದು ಬ್ರೇಕ್ ಹಾಕುತ್ತದೆ. ಟ್ರಾನ್ಸ್‌ಫಾರ್ಮರಿನ ಕೋರನ್ನು, ಅಂದರೆ ಸುರುಳಿಗಳ ನಡುವಿನ ಭಾಗವನ್ನು, ಒಂದೇ ಗಟ್ಟಿ ಕಬ್ಬಿಣದಿಂದ ಮಾಡದೆ ತೆಳು ತಗಡುಗಳನ್ನು ಜೋಡಿಸಿ ಮಾಡುವುದು ಈ ಸುಳಿಗಳನ್ನು ತಡೆಯುವುದಕ್ಕೇ.

ಐದನೇ ವಾರ

ಸ್ವಲ್ಪ ದಾರಿ ಬಿಟ್ಟು ಮೋಟಾರ್ ಕಡೆ ಹೋದೆ. ಆಟಿಕೆಯ ಎರಡು ಡಿಸಿ (ಒಂದೇ ದಿಕ್ಕಿನ ಕರೆಂಟಿನ) ಮೋಟಾರುಗಳ ತಂತಿ ಜೋಡಿಸಿ, ಒಂದನ್ನು ಬೆಲ್ಟಿನಿಂದ ತಿರುಗಿಸಿದರೆ ಇನ್ನೊಂದು ತಾನೂ ತಿರುಗುತ್ತದೆ. 1873ರಲ್ಲಿ ವಿಯೆನ್ನಾದ ಪ್ರದರ್ಶನದಲ್ಲಿ ಜನರೇಟರ್ ತಯಾರಕ ಗ್ರಾಮ್‌ನ ಒಂದು ಯಂತ್ರ ಇನ್ನೊಂದನ್ನು ಹೀಗೆಯೇ ಓಡಿಸಿತ್ತು. ಮೋಟಾರೂ ಜನರೇಟರೂ ಒಂದೇ ಯಂತ್ರ, ತಿರುವು ಕೊಡುವವರು ಯಾರು ಅನ್ನುವುದಷ್ಟೇ ಬೇರೆ.

ಅದೇ ಮೋಟಾರಿಗೆ 3 ವೋಲ್ಟ್ ಕೊಟ್ಟೆ. ಸುಮ್ನೆ ತಿರುಗುವಾಗ 0.15 ಆಂಪಿಯರ್. ದಂಡವನ್ನು ಬೆರಳಿನಿಂದ ಒತ್ತಿ ಹಿಡಿದರೆ 0.9. ಅಂದರೆ ಒಳಗಿನ ತಂತಿ ಸುಮಾರು 3.3 ಓಮ್. ಹಾಗಾದರೆ ತಿರುಗುವಾಗ ತಂತಿಯಲ್ಲಿ ಖರ್ಚಾಗುವುದು ಅರ್ಧ ವೋಲ್ಟ್ ಮಾತ್ರ. ಉಳಿದ 2.5 ವೋಲ್ಟ್ ಎಲ್ಲಿ? ಮೋಟಾರ್ ತಿರುಗುತ್ತಾ ತಾನೇ ಜನರೇಟರ್ ಆಗಿ, ಬರುವ ವೋಲ್ಟೇಜಿಗೆ ಎದುರಾಗಿ ಅಷ್ಟನ್ನು ಹುಟ್ಟಿಸುತ್ತಿದೆ. ಸಿಕ್ಕಿಹಾಕಿಕೊಂಡ ಪಂಪಿನ ಮೋಟಾರ್ ಸುಡುವುದು ಯಾಕೆ ಅಂತ ಈ ಲೆಕ್ಕ ಮಾಡಿದಾಗ ಸರಿಯಾಗಿ ಅರ್ಥವಾಯಿತು. ತಿರುಗದಿದ್ದರೆ ಎದುರು ನಿಲ್ಲುವ ವೋಲ್ಟೇಜೇ ಇರುವುದಿಲ್ಲ.

ಆರನೇ ವಾರ

ಜನರೇಟರಿನ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಮಾಡಲು ಹಳೆಯದೊಂದನ್ನು ಬಿಚ್ಚಿ ಕೋರಿನ ತಗಡು ತೆಗೆದುಕೊಂಡೆ. ಒಂದು ಕಡೆ 100 ಸುತ್ತು, ಇನ್ನೊಂದು ಕಡೆ 400. ಮೊದಲು ಸೆಲ್ ಜೋಡಿಸಿ, ಇನ್ನೊಂದು ಕಡೆಗೆ ಮುಳ್ಳಿನ ಮೀಟರ್ ಹಾಕಿ ನೋಡಿದೆ. ಜೋಡಿಸಿದ ಕ್ಷಣ ಮುಳ್ಳು ಒಮ್ಮೆ ಹಾರಿ ಸೊನ್ನೆಗೆ ಮರಳಿತು. ಬಿಡಿಸಿದ ಕ್ಷಣ ಎದುರು ದಿಕ್ಕಿಗೆ ಹಾರಿತು. ನಡುವೆ ಏನೂ ಇಲ್ಲ. 1831ರ ಆಗಸ್ಟ್ 29ರಂದು ಫ್ಯಾರಡೆ ತನ್ನ ಕಬ್ಬಿಣದ ಬಳೆಯಲ್ಲಿ ಕಂಡದ್ದೂ ಇದನ್ನೇ. ಆ ಮುಳ್ಳು ಹಾರುವುದನ್ನು ನೋಡುವಾಗ ನನಗೆ ಮೈ ಜುಮ್ಮೆಂದಿತು. ಒಂದು ಎಚ್ಚರಿಕೆ: ಬಿಡಿಸುವಾಗ ಬರಿಯ ತುದಿ ಮುಟ್ಟಬೇಡಿ, 1.5 ವೋಲ್ಟಿನ ಸೆಲ್ ಆದರೂ ಬೆರಳಿಗೆ ಹೊಡೆಯುತ್ತದೆ. ಮನೆಯ ಮೇನ್ಸ್ ಕರೆಂಟನ್ನು ಇಂಥ ಸುರುಳಿಗೆ ಯಾವತ್ತೂ ಕೊಡಬೇಡಿ.

ಆಮೇಲೆ ಜನರೇಟರ್ ಜೋಡಿಸಿದೆ. 5.2 ವೋಲ್ಟ್ ಇದ್ದದ್ದು 1.5ಕ್ಕೆ ಕುಸಿಯಿತು. ಇನ್ನೊಂದು ಕಡೆಗೆ ಏನೂ ಜೋಡಿಸಿರಲಿಲ್ಲ! ಎರಡು ದಿನ ಯೋಚಿಸಿದೆ. 20 ಹರ್ಟ್ಸ್ ಅಂದರೆ ಬಹಳ ನಿಧಾನದ ಬದಲಾವಣೆ. ಅಷ್ಟು ನಿಧಾನಕ್ಕೆ 100 ಸುತ್ತಿನ ಕಾಯಿಲ್ ಸಾಕಷ್ಟು ತಡೆ ಒಡ್ಡುವುದಿಲ್ಲ, ಕೋರನ್ನು ಅಯಸ್ಕಾಂತ ಮಾಡುವುದಕ್ಕೇ ಕರೆಂಟೆಲ್ಲ ಹೋಗುತ್ತದೆ. ಸುತ್ತು ಇಮ್ಮಡಿಯಾದರೆ ಈ ತಡೆ ನಾಲ್ಕು ಪಟ್ಟು. ಫೋನ್ ಚಾರ್ಜರಿನೊಳಗಿನ ಟ್ರಾನ್ಸ್‌ಫಾರ್ಮರ್ ಬೆರಳ ತುದಿಯಷ್ಟಿದ್ದರೂ ನಡೆಯುವುದು ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವುದರಿಂದ. ನಿಧಾನದ ಕರೆಂಟಿಗೆ ಕಬ್ಬಿಣವೂ ತಾಮ್ರವೂ ಜಾಸ್ತಿ ಬೇಕು.

ಎಲ್ಲ ಬಿಚ್ಚಿ ಮತ್ತೆ ಸುತ್ತಿದೆ, 200 ಮತ್ತು 800. ಈ ಕಡೆ 4 ವೋಲ್ಟ್ ನಿಂತಿತು, ಆ ಕಡೆ 15ಕ್ಕೆ ಸ್ವಲ್ಪ ಮೇಲೆ. ನಾಲ್ಕು ಬಿಳಿ ಎಲ್ಇಡಿ ಸಾಲಾಗಿ ಜೋಡಿಸಿ ಜನರೇಟರಿಗೆ ನೇರ ಕೊಟ್ಟಾಗ ಒಂದೂ ಹತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರ್ ಮೂಲಕ ಕೊಟ್ಟಾಗ ನಾಲ್ಕೂ ಹತ್ತಿದವು, ಪಟಪಟ ಮಿನುಗುತ್ತಾ. ಎಲ್ಇಡಿ ಒಂದೇ ದಿಕ್ಕಿನ ಕರೆಂಟಿಗೆ ಹತ್ತುತ್ತದೆ, ಹಾಗಾಗಿ ಅರ್ಧ ಹೊತ್ತು ಕತ್ತಲೆ. ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ನಾಲ್ಕು ಡಯೋಡಿನ ಬ್ರಿಡ್ಜ್ ಮತ್ತು ಮಿನುಗು ತಗ್ಗಿಸುವ ಒಂದು ಕೆಪ್ಯಾಸಿಟರ್ ಮೇಜಿನ ಮೇಲೆ ತಯಾರಿವೆ. ಅವನ್ನು ಬೆಸುಗೆ ಹಾಕುವುದು ಮುಂದಿನ ಶನಿವಾರದ ಕೆಲಸ.